ಎರಡು ಲಕ್ಷಕ್ಕೊಬ್ಬ ಸ್ಕೆಹಲಿ

2016, ಫೆಬ್ರವರಿ 23, ಮಂಗಳವಾರ

ಇಪ್ಪತ್ತಾರು ವರ್ಷಗಳಿಂದ ಐರ್ಲೆಂಡಿನ ಈ ರಾಸ್‌ಕಾಮನ್ ಜಿಲ್ಲೆಯ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ್ದೇನೆ. ಇಷ್ಟು ವರ್ಷಗಳಲ್ಲಿ ಹಾಳಾದದ್ದು ಒಂದು ಬೇಲಿ, ಎರಡು ಕೋಳಿ, ಪಾದ್ರಿಯವರ ಒಂದು ಸೈಕಲ್ಲು, ಅಷ್ಟೇ. ನಿನ್ನೆ ಆ ಪಟ್ಟಿಗೆ ನನ್ನ ಬಲಗಾಲು ಸೇರಿತು.

ಅದರ ಮೇಲೆ ಕಾರು ಹತ್ತಿಸಿದವಳು ಪಕ್ಕದ ಮನೆಯ ಕನ್ಸೆಪ್ಟಾ ಬೀರ್ನ್. ವಯಸ್ಸು ಎಪ್ಪತ್ತೊಂದು, ಗಂಡ ತೀರಿಕೊಂಡ ಮೇಲೆ ಕಾರು ಕಲಿಯಲು ಹೊರಟವಳು. ಗೇಟಿನ ಅಗಲ ತೋರಿಸೋಣವೆಂದು ನಾನು ಇಳಿದು ನಿಂತಿದ್ದೆ. "ಬ್ರೇಕ್!" ಎಂದು ಕೂಗಿದೆ. ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಯಾವ್ದು, ಮಧ್ಯದ್ದಾ?" ಎಂದು ಬಹಳ ವಿನಯದಿಂದ ಕೇಳಿದಳು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಏಳು ವಾರ ಪ್ಲಾಸ್ಟರ್. ಏಳು ವಾರ ಬೇಬಿ ಅತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ. ಅತ್ತೆ ನನ್ನ ಅಪ್ಪನ ತಂಗಿ, ಮನೆಯ ಕೊನೇ ಕೂಸೆಂದು ಬೇಬಿ ಅಂದರು, ಎಂಬತ್ತಾರಾದರೂ ಬೇಬಿಯೇ. ರೇಡಿಯೊದಲ್ಲಿ ಸಾವಿನ ಸುದ್ದಿ ಬರುವಾಗ ಯಾರೂ ಉಸಿರಾಡಬಾರದು ಎನ್ನುವ ಜಾತಿ.

ಈ ಪುಸ್ತಕದಲ್ಲಿ ಶಿಷ್ಯರ ತಪ್ಪುಗಳನ್ನು ಬರೆದಿಡುತ್ತಿದ್ದೆ. ಈಗ ಶಿಷ್ಯರಿಲ್ಲ. ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಯಾವ ಘನ ಉದ್ದೇಶವೂ ಇಲ್ಲ.

ಫೆಬ್ರವರಿ 26, ಶುಕ್ರವಾರ

ಗ್ಯಾರೋಡ್ ಲ್ಯಾವಿನ್ ದ್ರಾಕ್ಷಿ ಹಿಡಿದು ನೋಡಲು ಬಂದ. ನಮ್ಮ ಕ್ಲೂನ್‌ಮುಲ್ಲದ ಚರಿತ್ರೆ ಸಮಿತಿಗೆ ಅವನೇ ಅಧ್ಯಕ್ಷ, ಅವನೇ ಕಾರ್ಯದರ್ಶಿ, ಸಭೆಗೆ ಬರುವವನೂ ಅವನೊಬ್ಬನೇ. ಊರಿನ ಮುಂದೆ ಒಂದು ದೊಡ್ಡ ಕಲ್ಲು ನಿಲ್ಲಿಸುತ್ತಾರಂತೆ, ಅದರ ಮೇಲೆ ಊರಿನ ಹಳೆಯ ಮನೆತನಗಳ ಹೆಸರು. ಹದಿನೈದು ಹೆಸರು. ಪಟ್ಟಿ ತೋರಿಸಿದ. ಎರಡು ಸಲ ಓದಿದೆ. ನಮ್ಮ ಸ್ಕೆಹಲಿ ಇಲ್ಲ.

"ಬೇಕು ಅಂತ ಬಿಟ್ಟಿದ್ದಲ್ಲ, ಅಟ್ರಾಕ್ಟಾ," ಎಂದ ದ್ರಾಕ್ಷಿಯನ್ನೇ ನೋಡುತ್ತ. "ಊರಲ್ಲಿ ಈಗ ನೀವು ಇಬ್ಬರೇ. ಅದೂ ಇಬ್ಬರೂ..."

"ಇಬ್ಬರೂ ಏನು?"

"ಹೆಂಗಸರು, ಮದುವೆ ಇಲ್ಲ. ಕಲ್ಲು ಅಂದ್ರೆ ಮುನ್ನೂರು ವರ್ಷ ನಿಲ್ಲೋದಲ್ವಾ?"

ಅತ್ತೆ ಕುರ್ಚಿಯಿಂದಲೇ ಗುಡುಗಿದಳು. "ನಿಮ್ಮೋರು ಈ ಊರಿಗೆ ಬಂದಿದ್ದು ಮೊನ್ನೆ ಮೊನ್ನೆ, ಸಾವಿರದ ಎಂಟುನೂರ ನಲವತ್ತರಲ್ಲಿ! ನಾವು ರಾಜರ ಆಸ್ಥಾನದಲ್ಲಿ ಕಥೆ ಹೇಳ್ತಿದ್ದೋರು. ದ್ರಾಕ್ಷಿ ಅಲ್ಲಿಟ್ಟು ಎದ್ದು ನಡಿ."

ಅವನು ಎದ್ದ. ಬಾಗಿಲಲ್ಲಿ ತಿರುಗಿ, ಹೆಸರು ಇಲ್ಲಿಯದೇ ಎನ್ನುವುದಕ್ಕೆ ಕಾಗದಪತ್ರ ತಂದರೆ ಏಪ್ರಿಲ್ ಕೊನೆಯವರೆಗೆ ಸಮಯ ಇದೆ ಎಂದ. ಕಲ್ಲುಕುಟಿಗ ಮೇ ತಿಂಗಳಲ್ಲಿ ಬರುತ್ತಾನಂತೆ.

ಇಬ್ಬರೇ! ನನಗೆ ಸಿಟ್ಟು ಬಂದದ್ದು ಅದು ನಿಜ ಎಂಬುದಕ್ಕೆ. ನಾನೂ ಅತ್ತೆಯೂ ಹೋದರೆ ಈ ಊರಲ್ಲಿ ಹೆಸರು ಮುಗಿಯಿತು, ಬಾಗಿಲು ಎಳೆದುಕೊಂಡು ದೀಪ ಆರಿಸಿದ ಹಾಗೆ. ದ್ರಾಕ್ಷಿ ಮಾತ್ರ ಚೆನ್ನಾಗಿತ್ತು.

ಫೆಬ್ರವರಿ 29, ಸೋಮವಾರ

ಎಣಿಸುತ್ತಿದ್ದೇನೆ! ಮೂರು ದಿನದಿಂದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ದೂರವಾಣಿ ಪುಸ್ತಕ, ಮತದಾರರ ಪಟ್ಟಿ, ಕಂಪ್ಯೂಟರಿನಲ್ಲಿ ನೂರು ವರ್ಷ ಹಿಂದಿನ ಜನಗಣತಿ, ಎಲ್ಲ ಜಾಲಾಡಿದೆ. 1901ರಲ್ಲಿ ಇಡೀ ಐರ್ಲೆಂಡಿನಲ್ಲಿ ಸ್ಕೆಹಲಿಗಳು ಐವತ್ತೆಂಟು. 1911ರಲ್ಲಿ ನಲವತ್ತೇಳು. ಇವತ್ತು ನನಗೆ ಸಿಕ್ಕವರು ಮೂವತ್ತೊಂದು.

ಡಬ್ಲಿನ್‌ನಲ್ಲಿ ಆರು, ಗಾಲ್ವೇಯಲ್ಲಿ ಮೂರು, ಬೆಲ್‌ಫಾಸ್ಟಿನಲ್ಲಿ ಒಬ್ಬ, ಇಲ್ಲಿ ನಾವಿಬ್ಬರು. ಉಳಿದ ಹತ್ತೊಂಬತ್ತು ಜನ ದೂರದ ದಕ್ಷಿಣದಲ್ಲಿ, ಕಾರ್ಕ್ ಜಿಲ್ಲೆಯ ಬ್ಯಾಂಟ್ರಿ ಕೊಲ್ಲಿಯ ಸುತ್ತ! ಅಲ್ಲೇನು ಮಾಡುತ್ತಿದ್ದಾರೆ ಇವರೆಲ್ಲ?

ಇಡೀ ದ್ವೀಪದಲ್ಲಿ ಅರವತ್ತನಾಲ್ಕು ಲಕ್ಷ ಜನ. ಭಾಗಿಸಿ ನೋಡಿದೆ. ಎರಡು ಲಕ್ಷಕ್ಕೊಬ್ಬ ಸ್ಕೆಹಲಿ. ಕನ್ಸೆಪ್ಟಾ ತಪ್ಪೊಪ್ಪಿಗೆಯ ಆಪಲ್ ಟಾರ್ಟ್ ಹಿಡಿದು ಬಂದಾಗ ಹೇಳಿದೆ. (ದಿನಕ್ಕೊಂದು ತರುತ್ತಿದ್ದಾಳೆ. ಕಾಲು ಕೂಡುವ ಮೊದಲು ನಾನು ಬಾಗಿಲಿಗಿಂತ ಅಗಲವಾಗುತ್ತೇನೆ.)

"ಎರಡು ಲಕ್ಷಕ್ಕೆ ಒಬ್ಬರು ಅಂದ್ರೆ," ಎಂದಳು ಯೋಚಿಸಿ, "ಆ ಒಬ್ಬರ ಕಾಲ ಮೇಲೇ ಹತ್ತಿಸಿದ್ನಲ್ಲ, ನನ್ನ ಗುರಿ ಪರವಾಗಿಲ್ಲ."

ಮಾರ್ಚ್ 4, ಶುಕ್ರವಾರ

ಮಂಗಳವಾರವೇ ಇಪ್ಪತ್ತೊಂಬತ್ತು ಪತ್ರ ಹಾಕಿದ್ದೆ. ಕನ್ಸೆಪ್ಟಾಳ ಕಾರಿನಲ್ಲೇ ಅಂಚೆಗೆ ಹೋದದ್ದು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರಬೇಕು ಎನ್ನುತ್ತದೆ ಕಾನೂನು, ಅವರ ಕಾಲು ನೆಟ್ಟಗಿರಬೇಕು ಎನ್ನುವುದಿಲ್ಲ. ಎರಡನೇ ಗೇರಿನಲ್ಲೇ ಹೋಗಿ ಎರಡನೇ ಗೇರಿನಲ್ಲೇ ಬಂದೆವು.

ಎರಡು ಉತ್ತರ ಬಂದಾಗಿದೆ. ಗಾಲ್ವೇಯವನು: "ನನಗೆ ಇರುವ ನೆಂಟರೇ ಸಾಕು." ಬೆಲ್‌ಫಾಸ್ಟಿನವನು ಒಂದು ಕಾರ್ಡಿನಲ್ಲಿ: "ಇಷ್ಟು ದಿನ ನಾನೊಬ್ಬನೇ ಅಂದುಕೊಂಡಿದ್ದೆ. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು." ಸ್ಕೆಹಲಿಗಳೇ ಹೌದು, ಅನುಮಾನವೇ ಬೇಡ. ಇದು ನಮ್ಮಪ್ಪನ ಬಾಯಿಯೇ.

ಮಾರ್ಚ್ 8, ಮಂಗಳವಾರ

ಬ್ಯಾಂಟ್ರಿಯಿಂದ ಫೋನು! ಫಾಕ್ನಾ ಎಂದು ಹೆಸರು, ವಯಸ್ಸು ಐವತ್ತೇಳು, ಕೊಲ್ಲಿಯಲ್ಲಿ ಹಗ್ಗ ಇಳಿಬಿಟ್ಟು ಮಸೆಲ್ ಎಂಬ ಚಿಪ್ಪುಮೀನು ಬೆಳೆಯುತ್ತಾನೆ. ಕಾರ್ಕ್‌ನವರ ಆ ಎಳೆದಾಡುವ ಮಾತು. ಮೊದಲ ಎರಡು ನಿಮಿಷ ಏನು ಹೇಳುತ್ತಿದ್ದಾನೆಂದೇ ತಿಳಿಯಲಿಲ್ಲ, ಆದರೂ ಹೂಂಗುಟ್ಟಿದೆ.

"ಹಲೋರೀ, ನಾನು ಫಾಕ್ನಾ ಸ್ಕಹೇಲಿ. ನಿಮ್ಮ ಪತ್ರ ಮುಟ್ಟಿತು."

"ಸ್ಕೆಹಲಿ," ಎಂದು ತಿದ್ದಿದೆ.

"ಹೌದಲ್ರೀ, ಅದ ಹೇಳಾಕತ್ತೀನಿ. ಸ್ಕಹೇಲಿ."

"ಅಲ್ಲ, ಮೊದಲ ಅಕ್ಷರ ಒತ್ತಿ ಹೇಳಬೇಕು."

"ಅದ್ಯಾಕ ಒತ್ತಬೇಕ್ರೀ, ಪಾಪ? ಅದೇನ್ ತಪ್ಪು ಮಾಡೇದ?"

ನಗು ಬಂತು. ಎಷ್ಟು ದಿನವಾಗಿತ್ತೋ. ತಮ್ಮ ಕಡೆ ಹತ್ತೊಂಬತ್ತಲ್ಲ, ಇಪ್ಪತ್ತು ಎಂದ. ಕಳೆದ ಗುರುವಾರ ಅವನ ಅಣ್ಣನ ಮಗನಿಗೆ ಹೆಣ್ಣು ಮಗು ಹುಟ್ಟಿದೆ. ಮೂವತ್ತೆರಡು! ನಾನು ಕೋಲು ಬಿಟ್ಟು ಎದ್ದು ನಿಂತಿದ್ದು ಗೊತ್ತಾದದ್ದು ನೋವಾದಾಗ. ಒಂದೇ ವಾರದಲ್ಲಿ ಜನಸಂಖ್ಯೆ ನೂರಕ್ಕೆ ಮೂರು ಏರಿತು. ಚೀನಾದಲ್ಲೂ ಹೀಗಾಗಿರಲಿಕ್ಕಿಲ್ಲ.

ಮಾರ್ಚ್ 12, ಶನಿವಾರ

ಫಾಕ್ನಾ ಮತ್ತೆ ಫೋನು ಮಾಡಿದ್ದ. ಎಣಿಕೆಯ ವಿಷಯ. ಐವತ್ತು ನಿಮಿಷ.

ಮಾರ್ಚ್ 17, ಗುರುವಾರ

ನಾಡಿನ ಸಂತನ ಹಬ್ಬ. ಮೆರವಣಿಗೆಯಲ್ಲಿ ಆರು ಟ್ರ್ಯಾಕ್ಟರು, ಒಂದು ಬ್ಯಾಂಡು, ಹಸಿರು ಬಣ್ಣ ಬಳಿಸಿಕೊಂಡ ಒಂದು ಕುರಿ. ಕನ್ಸೆಪ್ಟಾಳ ಕಾರು ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಂಡು, ಹೊರಬರಲಾಗದೆ, ನಾವೂ ಮೆರವಣಿಗೆಯ ಭಾಗವಾದೆವು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಹಿಂದಿನ ಸೀಟಿನಿಂದ ಕೈ ಬೀಸಿದಳು.

ಸಂಜೆ ಫಾಕ್ನಾ ಹಬ್ಬದ ಶುಭಾಶಯ ಹೇಳಲು ಕರೆದ. ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಏನಯ್ಯಾ, ಕುದುರೆ ಎಲ್ಲಿ?"

"ಯಾವ ಕುದರೀರೀ, ಅಜ್ಜಿ?"

"ಅಣ್ಣ ತಮ್ಮ ಇಬ್ಬರಿದ್ರು. ತಮ್ಮ ಅಣ್ಣನ ಕುದುರೆ ಕದ್ದು ದಕ್ಷಿಣಕ್ಕೆ ಓಡಿಹೋದ. ಆ ಕಳ್ಳನ ಸಂತಾನ ನೀವು!"

"ಛೆ ಛೆ, ನಮ್ಮ ಕಡೆ ಬ್ಯಾರೇನ ಹೇಳ್ತಾರ್ರೀ. ತಮ್ಮ ಅಣ್ಣನ ದೋಣಿ ಕದ್ದು ನಿಮ್ಮ ಕಡೆ ಬಂದನಂತ."

"ದೋಣಿನಾ? ರಾಸ್‌ಕಾಮನ್ನಿಗಾ? ಇಲ್ಲಿ ಸಮುದ್ರವೇ ಇಲ್ವಲ್ಲೋ!"

"ಅದಕ್ಕ ಅಲ್ಲೇ ಕುಂತ್ರಿ ನೋಡ್ರಿ, ವಾಪಸ್ ಬರಾಕ ಆಗಲಿಲ್ಲ."

ಅತ್ತೆ ಫೋನನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿ, "ಬಾಯಿ ಜೋರಿದೆ. ನಮ್ಮೋನೇ," ಎಂದಳು.

ಮಾರ್ಚ್ 21, ಸೋಮವಾರ

ಅಣ್ಣತಮ್ಮಂದಿರ ಕಥೆ ನಿಜವಾದರೆ ಅದು ಸುಮಾರು ಮುನ್ನೂರು ವರ್ಷ ಹಿಂದಿನದು. ಲೆಕ್ಕ ಹಾಕಿದೆ: ಫಾಕ್ನಾ ನನಗೆ ಒಂಬತ್ತನೇ ಸುತ್ತಿನ ದಾಯಾದಿ. ಪಾದ್ರಿಯವರು ನೋಡಲು ಬಂದಿದ್ದಾಗ ಸುಮ್ಮನೆ ಕುತೂಹಲಕ್ಕೆ, ಒಂಬತ್ತನೇ ಸುತ್ತಿನವರ ಬಗ್ಗೆ ಚರ್ಚು ಏನು ಹೇಳುತ್ತದೆ ಎಂದು ಕೇಳಿದೆ.

"ಯಾವುದರ ಬಗ್ಗೆ ಏನು ಹೇಳುತ್ತೆ?" ಎಂದರು.

ಅಂಕಿಅಂಶಕ್ಕೆ ಎಂದೆ. ಅವರು ಚಹಾ ಕುಡಿದು, ಒಂಬತ್ತನೇ ಸುತ್ತನ್ನು ಎಣಿಸಿದ್ದರೆ ಈ ಊರಲ್ಲಿ ಒಂದು ಮದುವೆಯೂ ನಡೆಯುತ್ತಿರಲಿಲ್ಲ ಎಂದರು.

ಹೊಸ ಉಣ್ಣೆ ಕಾರ್ಡಿಗನ್ ತರಿಸಿದೆ, ನೀಲಿ. ಹಳೆಯದರ ಬಣ್ಣ ಪ್ಲಾಸ್ಟರಿಗೆ ಹೊಂದುತ್ತಿರಲಿಲ್ಲ.

ಮಾರ್ಚ್ 28, ಈಸ್ಟರ್ ಸೋಮವಾರ

ಎಲ್ಲೆಲ್ಲೂ ಬಾವುಟ. ಇಂಗ್ಲಿಷರ ವಿರುದ್ಧದ ದಂಗೆಗೆ ನೂರು ವರ್ಷ. ಟಿವಿಯಲ್ಲಿ ಮಾತಾಡಿದ ಪ್ರತಿಯೊಬ್ಬರ ಅಜ್ಜನೂ ಅವತ್ತು ಡಬ್ಲಿನ್‌ನ ಆ ಅಂಚೆ ಕಚೇರಿಯೊಳಗೆ ಬಂದೂಕು ಹಿಡಿದು ಕೂತಿದ್ದನಂತೆ. ಅಷ್ಟು ಜನ ಹಿಡಿಸಬೇಕಾದರೆ ಅಂಚೆ ಕಚೇರಿ ರಾಸ್‌ಕಾಮನ್ನಿನಷ್ಟು ದೊಡ್ಡದಿರಬೇಕು.

ಫಾಕ್ನಾ ಬಂದಿದ್ದ! ಐದು ಗಂಟೆ ವ್ಯಾನು ಓಡಿಸಿಕೊಂಡು, ಒಂದು ಚೀಲ ಮಸೆಲ್ ಮತ್ತು ಮನೆತನದ ಹಳೆಯ ಬೈಬಲ್ಲು ಹಿಡಿದು. ದೊಡ್ಡ ಆಳು. ಬಾಗಿಲಿಗೆ ತಲೆ ಬಗ್ಗಿಸಿದ, ಆದರೂ ತಾಗಿಸಿಕೊಂಡ, ಬಾಗಿಲಿಗೇ ಕ್ಷಮೆ ಕೇಳಿದ. ಚಿಪ್ಪುಗಳನ್ನು ಅವನೇ ತೊಳೆದು, ಬೆಣ್ಣೆ ಬೆಳ್ಳುಳ್ಳಿ ಹಾಕಿ ಬೇಯಿಸಿದ. ಕಡಲಿನದೇನನ್ನೂ ಮುಟ್ಟದ ಅತ್ತೆ ಎರಡು ಬಟ್ಟಲು ತಿಂದು, ಚಿಪ್ಪಿನಿಂದಲೇ ಸಾರು ಮೊಗೆದು ಕುಡಿದಳು. ನಾವು ಎಷ್ಟು ನಕ್ಕೆವೆಂದರೆ ಕನ್ಸೆಪ್ಟಾ ಏನಾಯಿತೆಂದು ಬೇಲಿ ದಾಟಿ ಬಂದಳು.

ಆಮೇಲೆ ಅವನು ಬೈಬಲ್ಲು ಬಿಡಿಸಿದ. ಮೊದಲ ಪುಟದಲ್ಲಿ ಅವನ ಮುತ್ತಜ್ಜನ ಹೆಸರು: ಥೇಡಿ ಸ್ಕೆಹಲಿ. 1881ರಲ್ಲಿ ಮದುವೆ. "ಇವನಕಿಂತ ಹಿಂದಿಂದು ನಮಗ್ಯಾರಿಗೂ ಗೊತ್ತಿಲ್ರೀ. ಎಲ್ಲಿಂದ ಬಂದನೋ ಏನೋ."

ಅತ್ತೆ ಚಮಚ ಕೆಳಗಿಟ್ಟಳು. "ಥೇಡಿ! ನಮ್ಮಜ್ಜ ಥೇಡಿ!"

ಆ ಕಥೆ ನನಗೂ ಗೊತ್ತು. ನಮ್ಮ ಥೇಡಿ 1878ರಲ್ಲಿ ಹೆಂಡತಿಯನ್ನೂ ಎರಡು ವರ್ಷದ ಮಗನನ್ನೂ ಬಿಟ್ಟು, ಕರು ಕೊಳ್ಳಲು ಜಾತ್ರೆಗೆ ಹೋದವನು ಮತ್ತೆ ಬರಲಿಲ್ಲ. ಆ ಮಗನೇ ಅತ್ತೆಯ ಅಪ್ಪ, ನನ್ನ ಅಜ್ಜ.

"ಬ್ಯಾಂಟ್ರಿಗೆ ಹೋಗಿ ಇನ್ನೊಂದು ಮದುವೆ ಆಗಿದಾನೆ, ಪಾಪಿ!" ಅತ್ತೆಗೆ ಸಂತೋಷ ತಡೆಯಲಾಗಲಿಲ್ಲ. "ನೋಡು, ಕಿವಿ ನೋಡು! ಥೇಡಿಯ ಕಿವಿಯೇ!" ಥೇಡಿ ಹೋದ ಐವತ್ತೆರಡು ವರ್ಷಕ್ಕೆ ಹುಟ್ಟಿದ ಅತ್ತೆ ಅವನ ಕಿವಿ ಯಾವಾಗ ನೋಡಿದಳೋ. "ಹಾಗಾದ್ರೆ ಆ ಇಪ್ಪತ್ತೂ ಜನ ನಮ್ಮೋರೇ! ಎಲ್ಲರೂ ಕ್ಲೂನ್‌ಮುಲ್ಲದೋರೇ! ಆ ಲ್ಯಾವಿನ್‌ಗೆ ಈಗ ಹೇಳು. ಅಟ್ರಾಕ್ಟಾ, ನಿಮ್ಮಿಬ್ಬರ ಮುತ್ತಜ್ಜ ಒಬ್ಬನೇ ಕಣೇ. ಅಣ್ಣ ತಂಗಿ ಇದ್ದ ಹಾಗೆ ನೀವು. ಎಲ್ಲಿ, ಅಣ್ಣನಿಗೆ ಇನ್ನೊಂದು ತುಂಡು ಟಾರ್ಟ್ ಹಾಕು."

ಹಾಕಿದೆ. ಫಾಕ್ನಾ ಅದನ್ನು ತಿನ್ನಲಿಲ್ಲ.

ನಾನು ಒಂದು ತಿಂಗಳಿಂದ ಹುಡುಕುತ್ತಿದ್ದ ಪುರಾವೆ ಸಿಕ್ಕಿತು. ಇಪ್ಪತ್ತು ಜನ ಒಟ್ಟಿಗೆ ಮನೆಗೆ ಬಂದ ಹಾಗೆ. ತುಂಬಾ ಸಂತೋಷವಾಗಿದೆ. ತಲೆ ನೋಯುತ್ತಿದೆ, ಮಸೆಲ್ ನನಗೆ ಆಗಿಬರಲಿಲ್ಲವೋ ಏನೋ.

ಮಾರ್ಚ್ 30, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಫೋನು ಬರಲಿಲ್ಲ. ನೀಲಿ ಕಾರ್ಡಿಗನ್ ಚುಚ್ಚುತ್ತದೆ.

ಏಪ್ರಿಲ್ 5, ಮಂಗಳವಾರ

ಪುರಾವೆಯನ್ನು ಇನ್ನೊಮ್ಮೆ ಪರಿಶೀಲಿಸಬೇಕು ಎನಿಸಿತು. ಕಲ್ಲಿನ ಮೇಲೆ ಕೊರೆಯುವ ವಿಷಯ, ನಾಳೆ ಯಾರೂ ತಪ್ಪೆನ್ನಬಾರದಲ್ಲ. ರಾಸ್‌ಕಾಮನ್ ಪೇಟೆಯಲ್ಲಿ ಎತ್ನಾ ನಾಟನ್ ಎಂಬ ಹಿರಿಯಾಕೆ ಇದ್ದಾರೆ. ನಲವತ್ತು ವರ್ಷ ಹಳೆಯ ಐರಿಷ್ ಭಾಷೆ ಕಲಿಸಿ ನಿವೃತ್ತರಾದವರು, ಹೆಸರುಗಳ ಬೇರು ಹಿಡಿದು ಜಗ್ಗುವುದರಲ್ಲಿ ಎತ್ತಿದ ಕೈ. ಕನ್ಸೆಪ್ಟಾಳ ಕಾರಿನಲ್ಲಿ ಹೊರಟೆವು. ಈಗ ಮೂರನೇ ಗೇರು ಬಂದಿದೆ.

"ಗೆದ್ದ ಮೇಲೂ ಮತ್ತೆ ಎಣಿಸಿ ಅನ್ನೋರನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದಳು ದಾರಿಯಲ್ಲಿ.

"ಎದುರಿಗೆ ನೋಡು. ಲಾರಿ."

"ನೋಡ್ತಿದೀನಿ. ನಿನ್ನನ್ನೂ ನೋಡ್ತಿದೀನಿ. ಕಾನೂನಿನಲ್ಲಿ ತೊಂದರೆ ಇಲ್ಲ ಕಣೇ, ಮುತ್ತಜ್ಜ ಒಬ್ಬನೇ ಆದ್ರೂ."

"ಯಾವುದಕ್ಕೆ?"

"ಅಂಕಿಅಂಶಕ್ಕೆ," ಎಂದಳು. ಲಾರಿಯವನು ಹಾರ್ನ್ ಹೊಡೆದ. ಅವಳೂ ಹೊಡೆದಳು, ಸ್ನೇಹದಿಂದ.

ಎತ್ನಾ ನಾಟನ್ ನನ್ನ ಕಾಗದಗಳನ್ನೆಲ್ಲ ಇಟ್ಟುಕೊಂಡರು. ಭೂತಗನ್ನಡಿಯಲ್ಲಿ ನೋಡುತ್ತ, "ನಿಮಗೆ ಯಾವ ಉತ್ತರ ಬೇಕು?" ಎಂದು ಕೇಳಿದರು.

"ನಿಜವಾದದ್ದು," ಎಂದೆ.

"ಹಾಗನ್ನೋರಿಗೇ ಇಂಥದ್ದೇ ಅನ್ನೋ ಒಂದು ಉತ್ತರ ಬೇಕಾಗಿರುತ್ತೆ," ಎಂದರು. ವಿದ್ವಾಂಸರು ಹೀಗೇ, ಏನೇನೋ ಮಾತಾಡುತ್ತಾರೆ.

ಏಪ್ರಿಲ್ 13, ಬುಧವಾರ

ಪ್ಲಾಸ್ಟರ್ ತೆಗೆದರು! ಒಳಗಿದ್ದ ಕಾಲು ಬೇರೆ ಯಾರದೋ ಇದ್ದ ಹಾಗಿದೆ, ಬಿಳಿಚಿಕೊಂಡು, ತೆಳ್ಳಗೆ. ಆದರೂ ನನ್ನ ಮಾತು ಕೇಳುತ್ತದೆ.

ಮನೆಗೆ ಬಂದರೆ ಎತ್ನಾ ನಾಟನ್ ಅವರ ಪತ್ರ. ಪೂರ್ತಿ ನಕಲು ಮಾಡಲು ತಾಳ್ಮೆ ಇಲ್ಲ, ಸಾರಾಂಶ ಇದು. 1660ರ ಸುಮಾರಿಗೆ ಮನೆಮನೆಯ ಒಲೆ ಎಣಿಸಿ ಕಂದಾಯ ಹಾಕಿದ ಪಟ್ಟಿಗಳಿವೆ. ಅದರಲ್ಲಿ ನಮ್ಮ ಕ್ಲೂನ್‌ಮುಲ್ಲದಲ್ಲೇ ನಮ್ಮ ಹೆಸರಿನ ಮೂರು ಮನೆ. ಆ ಹೆಸರಿನ ಬೇರು 'ಶ್ಕ್ಯಾಖ್', ಅಂದರೆ ಮುಳ್ಳುಗಿಡ. ಮೇ ತಿಂಗಳಲ್ಲಿ ಬೆಳ್ಳಗೆ ಹೂ ಬಿಡುವ, ಕಡಿಯಲು ಎಲ್ಲರೂ ಹೆದರುವ ಅದೇ ಗಿಡ. ಬ್ಯಾಂಟ್ರಿಯ ಪಟ್ಟಿಯಲ್ಲೂ ನಾಲ್ಕು ಮನೆ ಇವೆ, ಆದರೆ ಅವರ ಬೇರು 'ಶ್ಕೇಲೀ', ಕಥೆ ಹೇಳುವವನು. ಎರಡು ಬೇರೆ ಹೆಸರು, ಎರಡು ಬೇರೆ ಕುಲ. ಐರಿಷ್ ಬಾರದ ಯಾವನೋ ಇಂಗ್ಲಿಷ್ ಗುಮಾಸ್ತ ಎರಡನ್ನೂ ಒಂದೇ ಥರ ಕೇಳಿಸಿಕೊಂಡು ಒಂದೇ ಥರ ಬರೆದುಬಿಟ್ಟ.

ಮತ್ತೆ ಥೇಡಿ? ಬ್ಯಾಂಟ್ರಿಯ ಚರ್ಚಿನ ಪುಸ್ತಕದಲ್ಲಿ ಅವರ ಥೇಡಿಯ ನಾಮಕರಣ ಇದೆ. 1852, ಅಲ್ಲೇ ಹುಟ್ಟಿದವನು. ನಮ್ಮ ಥೇಡಿ ಅಲ್ಲವೇ ಅಲ್ಲ. ನಮ್ಮವನು ಕರು ಹುಡುಕಿಕೊಂಡು ಎಲ್ಲಿ ಹೋದನೋ ದೇವರಿಗೇ ಗೊತ್ತು.

ಅಂದರೆ ನನ್ನ ಒಂದೂವರೆ ತಿಂಗಳ ಕೆಲಸ ನೀರುಪಾಲು. ಮತ್ತೆ ಎಣಿಸಿದೆ. ಕಥೆಯವರು ಇಪ್ಪತ್ತೈದು, ಅದರಲ್ಲಿ ಡಬ್ಲಿನ್‌ನ ನಾಲ್ವರು, ಬೆಲ್‌ಫಾಸ್ಟಿನ ಆ ಒಂಟಿ ಮನುಷ್ಯ. ಮುಳ್ಳಿನವರು ನಾವು ಬರೀ ಏಳು. ಮೂವತ್ತೆರಡರಿಂದ ಏಳು! ಎರಡು ಲಕ್ಷಕ್ಕೊಬ್ಬರಿದ್ದವರು ಒಂಬತ್ತು ಲಕ್ಷಕ್ಕೊಬ್ಬರಾದೆವು.

ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಪ್ಲಾಸ್ಟರ್ ಹೋದ ಖುಷಿಗೆ ಇರಬೇಕು.

ಏಪ್ರಿಲ್ 14, ಗುರುವಾರ

ಅತ್ತೆಗೆ ಪತ್ರ ಓದಿ ಹೇಳಿದೆ.

"ಹಾಗಾದ್ರೆ ರಾಜರ ಹತ್ರ ಕಥೆ ಹೇಳ್ತಿದ್ದೋರು ಅವರು?"

"ಹೂಂ."

"ನಾವು ಮುಳ್ಳು?"

"ಹೂಂ ಅತ್ತೆ."

"ನಿಮ್ಮಪ್ಪನ ನಾಲಿಗೆ ನೋಡಿದಾಗಲೇ ನನಗೆ ಅನುಮಾನ ಇತ್ತು." ಆಮೇಲೆ ಮುಖ ಅರಳಿಸಿ, "ಆ ಗಿಡ ಕಡಿದೋರು ಯಾರೂ ಉದ್ಧಾರ ಆಗಿಲ್ಲ, ಗೊತ್ತಾ? ಲ್ಯಾವಿನ್‌ಗೆ ಹೇಳು."

ಹೇಳಿದೆ. 1660ರ ಪಟ್ಟಿ ನೋಡಿ ಗ್ಯಾರೋಡ್ ಟೋಪಿ ತೆಗೆದ. ಅವನ ಹದಿನೈದು ಹೆಸರಿನಲ್ಲಿ ಒಂಬತ್ತು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಲ್ಯಾವಿನ್ ಕೂಡ. ಕಲ್ಲಿನ ಮೇಲೆ ಸ್ಕೆಹಲಿಯನ್ನು ಮೂರನೆಯದಾಗಿ ಹಾಕುತ್ತಾನಂತೆ. ಹೆಸರು ಬರಲಿ ಎಂದು ಇಷ್ಟು ಹಾರಾಡಿದವಳು "ಆಯ್ತು, ಥ್ಯಾಂಕ್ಸ್" ಎಂದು ಅವನನ್ನು ಬೇಗ ಕಳಿಸಿದೆ. ಫೋನು ಮಾಡಬೇಕಿತ್ತು.

ಹದಿನೇಳು ದಿನದ ಮೇಲೆ ಫಾಕ್ನಾನ ದನಿ. ಪತ್ರ ಪೂರ್ತಿ ಓದಿದೆ.

"ಕೇಳಿಸ್ತಾ? ನಾವು ಒಂದೇ ಕುಲದವರಲ್ಲ. ಏನೇನೂ ಆಗಬೇಕಾಗಿಲ್ಲ ನಾವು ಒಬ್ಬರಿಗೊಬ್ಬರು. ಬೇಜಾರಾಯ್ತಾ?"

"ಅಟ್ರಾಕ್ಟಾ," ಎಂದ. ಮೊದಲ ಸಲ ಬರೀ ಹೆಸರು. "ಖರೇ ಹೇಳ್ರಿ. ಏನೂ ಆಗಬೇಕಿಲ್ಲ?"

"ಮುನ್ನೂರೈವತ್ತು ವರ್ಷದಿಂದ ಏನೂ ಇಲ್ಲ."

ಆಮೇಲೆ ಅವನು ನಕ್ಕ ನಗುವಿಗೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಹಿನ್ನೆಲೆಯಲ್ಲಿ ಕಡಲಹಕ್ಕಿಗಳು. "ಶನಿವಾರ ಅಲ್ಲ, ಮುಂದಿನ ಶನಿವಾರ ಬರ್ತೀನ್ರಿ," ಎಂದ. "ಲೆಕ್ಕ ಎಲ್ಲಾ ಮೊದಲಿಂದ ನೋಡಬೇಕಲ್ಲ." ಅದೂ ನಿಜವೇ. ಇಬ್ಬರ ಲೆಕ್ಕವೂ ಈಗ ಬೇರೆ ಬೇರೆ.

ಏಪ್ರಿಲ್ 22, ಶುಕ್ರವಾರ

ಕನ್ಸೆಪ್ಟಾ ಪಾಸಾದಳು!! ಪಾಸಾದ ಚೀಟಿ ಎತ್ತಿ ಹಿಡಿದು ಇಡೀ ಬೀದಿಗೆ ತೋರಿಸಿದಳು. ಪರೀಕ್ಷೆ ಮಾಡಿದವರು ಕೆಳಗಿಳಿದ ಮೇಲೆ ಸ್ವಲ್ಪ ಹೊತ್ತು ಗೋಡೆ ಹಿಡಿದುಕೊಂಡು ನಿಂತಿದ್ದರಂತೆ, ಅದು ಬೇರೆ ವಿಷಯ.

ಭಾನುವಾರ ದೇಶದ ಜನಗಣತಿ. ಅವತ್ತು ಮನೆಯಲ್ಲಿ ಮಲಗಿದ ಪ್ರತಿಯೊಬ್ಬರನ್ನೂ, ಅತಿಥಿಯನ್ನೂ, ಬರೆಯಬೇಕು. ದಪ್ಪ ಫಾರ್ಮು ಕೊಟ್ಟು ಹೋಗಿದ್ದಾರೆ. ಎರಡು ತಿಂಗಳು ಬೇರೆಯವರನ್ನು ಎಣಿಸಿದವಳನ್ನು ಎಣಿಸಲು ಕೊನೆಗೆ ಯಾರೋ ಬಂದರು.

ನಾಳೆ ಶನಿವಾರ. ಕಿಟಕಿ ಎಲ್ಲ ಒರೆಸಿದೆ, ಮೇಲಿನವೂ.

ಏಪ್ರಿಲ್ 25, ಸೋಮವಾರ

ಕ್ರಮವಾಗಿ ಬರೆಯಬೇಕು.

ಫಾಕ್ನಾ ಶನಿವಾರ ಬಂದ. ಪಾದ್ರಿಯವರ ಮನೆಯಲ್ಲಿ ಮಲಗಿದ. ನಿನ್ನೆ ಪೂಜೆ, ಊಟ, ನಾನು ಕೋಲಿಲ್ಲದೆ ಅವನ ತೋಳು ಹಿಡಿದು ಕೆರೆಯವರೆಗೆ ನಡೆದೆ. ದಾರಿಯುದ್ದಕ್ಕೂ ಮುಳ್ಳುಗಿಡ ಚಿಗುರಿತ್ತು. ಅವನು ಪ್ರತಿಯೊಂದಕ್ಕೂ "ಇವರೂ ನಿಮ್ಮವರ ಏನ್ರೀ?" ಎಂದು ಪರಿಚಯ ಕೇಳಿದ. ಸಂಜೆ ಹೊರಡಬೇಕೆಂದು ವ್ಯಾನಿನ ಕೀಲಿ ತೆಗೆದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಎಲ್ಲಿಗೂ ಹೋಗಬೇಡ. ಈ ಮನೇಲಿ ಮೂರು ಸ್ಕೆಹಲಿಗಳನ್ನ ಸರ್ಕಾರ ಬರೆದುಕೊಳ್ಳಲಿ. ನಾನು ಹುಟ್ಟಿದಾಗ ಒಂಬತ್ತು ಜನ ಇದ್ವಿ. ಒಂದು ಸಲ ಸಂಖ್ಯೆ ಮೇಲೆ ಹೋಗಿದ್ದನ್ನ ನೋಡಿ ಸಾಯ್ತೀನಿ."

"ನಾನು ಕಥೀ ಕುಲದವ ಅಲ್ಲೇನ್ರೀ, ಅಜ್ಜಿ? ನಿಮ್ಮ ಲೆಕ್ಕಕ್ಕ ಬರಂಗಿಲ್ಲ."

"ಕಾಗದದಲ್ಲಿ ಒಂದೇ ಥರ ಕಾಣುತ್ತೆ. ಆ ಗುಮಾಸ್ತ ಅದೊಂದು ಉಪಕಾರ ಮಾಡಿದ."

ಅವನು ಕೀಲಿಯನ್ನು ಮೊಳೆಗೆ ತಗುಲಿಸಿದ. ಮುಂದಿನ ಕೋಣೆಯ ಸೋಫಾದ ಮೇಲೆ ಮಲಗಿದ, ಮೊಣಕಾಲಿನಿಂದ ಕೆಳಗೆ ಹೊರಗೆ.

ಇವತ್ತು ತಿಂಡಿಯಾದ ಮೇಲೆ ಫಾರ್ಮು ತುಂಬಲು ಕುಳಿತೆ. ಅವನು ಪಾತ್ರೆ ತೊಳೆದು ಒರೆಸುತ್ತಿದ್ದ. ಮೊದಲ ವ್ಯಕ್ತಿ: ನಾನು. ಎರಡನೇ ವ್ಯಕ್ತಿ: ಅತ್ತೆ, ಮೊದಲು ತನ್ನನ್ನು ಬರೆಯಲಿಲ್ಲವೆಂದು ಮುನಿಸಿಕೊಂಡು ಪಕ್ಕದ ಕೋಣೆಗೆ ಹೋಗಿ ಕೂತಳು. ಮೂರನೇ ವ್ಯಕ್ತಿ: ಫಾಕ್ನಾ ಸ್ಕೆಹಲಿ, ಪುರುಷ, ಐವತ್ತೇಳು, ಮದುವೆಯಾಗಿಲ್ಲ. ಮುಂದಿನ ಪ್ರಶ್ನೆ: ಮೊದಲ ವ್ಯಕ್ತಿಗೂ ಇವರಿಗೂ ಏನು ಸಂಬಂಧ? ಕೆಳಗೆ ಚೌಕಗಳ ಸಾಲು. ಗಂಡ ಅಥವಾ ಹೆಂಡತಿಯಿಂದ ಶುರು, ಮಗ, ಸೊಸೆ, ಮೊಮ್ಮಗ ಎಲ್ಲ ಆಗಿ, ಇತರ ನೆಂಟರೂ ಆಗಿ, ಕಟ್ಟಕಡೆಗೆ: ಸಂಬಂಧವಿಲ್ಲ.

ನನ್ನ ಪೆನ್ನು ನೇರ ಕೊನೆಯ ಚೌಕಕ್ಕೆ ಹೋಯಿತು. ಗೆರೆ ಎಳೆದೆ. ಇಷ್ಟು ಸಂತೋಷದಿಂದ ನಾನು ಯಾವ ಸರ್ಕಾರಿ ಕಾಗದಕ್ಕೂ ಗುರುತು ಹಾಕಿಲ್ಲ. ಫಾಕ್ನಾ ತಟ್ಟೆ ಹಿಡಿದುಕೊಂಡೇ ನನ್ನ ಭುಜದ ಮೇಲಿಂದ ಬಗ್ಗಿ ಓದಿದ. ಸೋಪಿನ ವಾಸನೆ.

"ಭಾಳ ಚೊಲೋ ಬರದೀರಿ," ಎಂದ. ತಟ್ಟೆಯನ್ನು ಇನ್ನೊಮ್ಮೆ ಒರೆಸಿದ. "ಇವರು ಮತ್ತ ಯಾವಾಗ ಕೇಳಾಕ ಬರ್ತಾರ್ರೀ?"

"ಐದು ವರ್ಷಕ್ಕೊಮ್ಮೆ."

ಒಣಗಿದ ತಟ್ಟೆಯನ್ನು ಮೂರನೇ ಸಲ ಒರೆಸಿದ. ಆಮೇಲೆ ಒದ್ದೆ ಬೆರಳನ್ನು ಸಾಲಿನ ಮೊಟ್ಟಮೊದಲ ಚೌಕದ ಮೇಲಿಟ್ಟ. "ಅಷ್ಟರಾಗ ಕೆಳಗಿಂದ ಇಲ್ಲೀತನಕ ಏರಾಕ ಆಗ್ತದೇನ್ರೀ ನನಗ?"

ಕನ್ನಡಿ ನೋಡು, ಸಿಗ್ನಲ್ ಕೊಡು, ಆಮೇಲೆ ಹೊರಡು. ಇಪ್ಪತ್ತಾರು ವರ್ಷ ಸಾವಿರ ಜನಕ್ಕೆ ಇದನ್ನೇ ಹೇಳಿಕೊಟ್ಟಿದ್ದೇನೆ. ನಾನು ಕನ್ನಡಿಯನ್ನೂ ನೋಡಲಿಲ್ಲ, ಸಿಗ್ನಲ್ಲೂ ಕೊಡಲಿಲ್ಲ.

"ಅದಕ್ಕೆ ಐದು ವರ್ಷ ಯಾಕೆ ಬೇಕು?" ಎಂದುಬಿಟ್ಟೆ.

ಪಕ್ಕದ ಕೋಣೆಯಿಂದ ಅತ್ತೆ ಕೂಗಿದಳು. "ಏನು ಅದು ಇಷ್ಟು ಹೊತ್ತು? ಅವನ ಬಗ್ಗೆ ಏನಂತ ಬರೆದೆ?"

"ಸಂಬಂಧ ಇಲ್ಲ ಅಂತ, ಅತ್ತೆ!"

"ಇಲ್ಲದಿದ್ರೆ ಬೆಳೆಸೋಕೆ ನಿಮಗೇನು ಧಾಡಿ? ಬೇಗ ಮುಗಿಸಿ, ಚಹಾ ಆರ್ತಿದೆ!"

ಮೂವರ ಚಹಾವೂ ಆರಿತು.